ಡಿಸ್‌ಪ್ಲೇ ಆರಿದರೆ ಮೊದಲು ವೈರು ನೋಡಿ

ಪ್ರಶ್ನೆ: ನನ್ನದು 36 ವೋಲ್ಟ್ ಬ್ಯಾಟರಿ, 250 ವಾಟ್ ಹಬ್ ಮೋಟರಿನ ಎಲೆಕ್ಟ್ರಿಕ್ ಸೈಕಲ್. ಕೊಂಡು ಎರಡು ವರ್ಷವಾಯಿತು. ಹ್ಯಾಂಡಲ್ ಮೇಲೆ ಎಸ್866 ಎಂಬ ಚಿಕ್ಕ ಎಲ್‌ಸಿಡಿ ಡಿಸ್‌ಪ್ಲೇ ಇದೆ. ಮಳೆ ಶುರುವಾದ ಮೇಲೆ ಅದು ಓಡುತ್ತಿರುವಾಗಲೇ ಆರಿಹೋಗುತ್ತದೆ, ಹ್ಯಾಂಡಲ್ ಆಚೀಚೆ ತಿರುಗಿಸಿದರೆ ಮತ್ತೆ ಹತ್ತುತ್ತದೆ. ಮೊನ್ನೆಯಿಂದ ಹೊತ್ತಿಕೊಂಡಿದ್ದರೂ ಇ10 ಎಂದು ತೋರಿಸಿ ಮೋಟರ್ ನಿಲ್ಲುತ್ತದೆ. ಪರದೆಯೊಳಗೆ ಸ್ವಲ್ಪ ಮಂಜು ಕೂಡ ಕಟ್ಟಿದೆ. ಅಂಗಡಿಯಲ್ಲಿ ಹೊಸ ಡಿಸ್‌ಪ್ಲೇ ಹಾಕಿಸಿ ಎನ್ನುತ್ತಿದ್ದಾರೆ. ಹಾಕಿಸಲೇ? ಮನೆಯಲ್ಲಿ ಮಲ್ಟಿಮೀಟರ್ ಇದೆ. (ತೀರ್ಥಹಳ್ಳಿಯ ಓದುಗರು)

ಉತ್ತರ: ಸದ್ಯಕ್ಕೆ ಬೇಡ. ಹ್ಯಾಂಡಲ್ ತಿರುಗಿಸಿದಾಗ ಬಂದು ಹೋಗುವ ದೋಷ ಡಿಸ್‌ಪ್ಲೇ ಒಳಗೆ ಇರುವ ಸಾಧ್ಯತೆ ಬಹಳ ಕಡಿಮೆ. ಹ್ಯಾಂಡಲ್ ಜೊತೆಗೆ ಡಿಸ್‌ಪ್ಲೇಯೂ ಇಡಿಯಾಗಿ ತಿರುಗುತ್ತದೆ, ಅದರೊಳಗೆ ಏನೂ ಬಾಗುವುದಿಲ್ಲ. ಬಾಗುವುದು ವೈರು. ವೈರು ಕೆಟ್ಟಿರುವಾಗ ಡಿಸ್‌ಪ್ಲೇ ಬದಲಿಸುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಹೊಸದು ಹಾಕುವಾಗ ಕನೆಕ್ಟರ್ ಬಿಚ್ಚಿ ಸಿಕ್ಕಿಸುವುದರಿಂದ ನಾಲ್ಕು ದಿನ ಸರಿಹೋದಂತೆ ಕಾಣುತ್ತದೆ, ಐದನೆಯ ದಿನ ಮತ್ತದೇ ಕಥೆ.

ಈ ಬಗೆಯ ಸೈಕಲ್‌ಗಳಲ್ಲಿ ಡಿಸ್‌ಪ್ಲೇ ಬರೀ ಮೀಟರ್ ಅಲ್ಲ, ಇಡೀ ಸೈಕಲ್ಲಿನ ಸ್ವಿಚ್ ಕೂಡ ಅದೇ. ಅದಕ್ಕೆ ಬರುವ ಕೇಬಲ್ಲಿನಲ್ಲಿ ಐದು ವೈರು. ಎಸ್866ರಲ್ಲಿ ಸಾಮಾನ್ಯವಾಗಿ ಕೆಂಪು ಬ್ಯಾಟರಿಯ ಪ್ಲಸ್, ಕಪ್ಪು ಮೈನಸ್. ನೀವು ಬಟನ್ ಒತ್ತಿದಾಗ ಡಿಸ್‌ಪ್ಲೇ ಕೆಂಪಿನ ವೋಲ್ಟೇಜನ್ನು ನೀಲಿ ವೈರಿಗೆ ದಾಟಿಸುತ್ತದೆ. ಆ ನೀಲಿ ವೈರಿನಿಂದಲೇ ಕಂಟ್ರೋಲರ್ (ಬ್ಯಾಟರಿಯಿಂದ ಮೋಟರಿಗೆ ಹೋಗುವ ಕರೆಂಟನ್ನು ನಿಯಂತ್ರಿಸುವ ಪೆಟ್ಟಿಗೆ) ಎಚ್ಚರಗೊಳ್ಳುವುದು. ಉಳಿದ ಹಸಿರು, ಹಳದಿ ವೈರುಗಳಲ್ಲಿ ಡಿಸ್‌ಪ್ಲೇ ಮತ್ತು ಕಂಟ್ರೋಲರ್ ಪರಸ್ಪರ ಮಾತಾಡಿಕೊಳ್ಳುತ್ತವೆ: ಒಂದರಲ್ಲಿ ಹೋಗುವ ಮಾತು, ಇನ್ನೊಂದರಲ್ಲಿ ಬರುವ ಮಾತು. ಬಣ್ಣಗಳನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ, ತಯಾರಕರು ಬದಲಿಸುತ್ತಾರೆ. ಅಳೆದು ನೋಡಿಯೇ ಖಚಿತಪಡಿಸಿಕೊಳ್ಳಬೇಕು.

ಇಷ್ಟು ತಿಳಿದರೆ ಲಕ್ಷಣದಿಂದಲೇ ಅರ್ಧ ಕೆಲಸ ಮುಗಿಯುತ್ತದೆ. ಪರದೆ ಪೂರ್ತಿ ಆರಿದರೆ ಕೆಂಪು ಅಥವಾ ಕಪ್ಪಿನ ಹಾದಿಯಲ್ಲಿ ಎಲ್ಲೋ ಕಡಿತ, ಇಲ್ಲವೇ ಬ್ಯಾಟರಿಯ ಕಡೆ ತೊಂದರೆ. ಪರದೆ ಹೊತ್ತಿಕೊಂಡೇ ಇದ್ದು ಇ10 ಬಂದರೆ (ಕೆಲವು ತಯಾರಿಕೆಗಳಲ್ಲಿ ಇ010 ಎಂದು ಬರುತ್ತದೆ) ಕಂಟ್ರೋಲರ್‌ನಿಂದ ಉತ್ತರ ಬರುತ್ತಿಲ್ಲ ಎಂದರ್ಥ. ಅದಕ್ಕೆ ಮಾತಿನ ವೈರು ಕಡಿದಿರಬಹುದು, ನೀಲಿ ಕಡಿದು ಕಂಟ್ರೋಲರ್ ಮಲಗಿರಬಹುದು, ಕಂಟ್ರೋಲರ್ ತನ್ನೊಳಗೆ ತಯಾರಿಸುವ 5 ವೋಲ್ಟ್ ಕುಸಿದಿರಬಹುದು. ಒಂದೇ ವೈರು ತುಂಡಾಗಿದ್ದರೆ ಸಾಮಾನ್ಯವಾಗಿ ಒಂದೇ ಲಕ್ಷಣ ಕಾಣುತ್ತದೆ. ನಿಮಗೆ ಎರಡೂ ಕಾಣುತ್ತಿವೆ. ಅಂದರೆ ಐದೂ ವೈರುಗಳು ಒಟ್ಟಿಗೆ ಹಾಯುವ ಜಾಗದಲ್ಲೇ ಪೆಟ್ಟು ಬಿದ್ದಿದೆ. ಅಂಥ ಜಾಗ ಮೂರೇ: ಹ್ಯಾಂಡಲ್ ಬುಡದಲ್ಲಿ ಕೇಬಲ್ ಬಾಗುವ ತಿರುವು, ಡಿಸ್‌ಪ್ಲೇಯ ಐದು ಪಿನ್ನಿನ ಕನೆಕ್ಟರ್, ಮತ್ತು ಅದರ ಕೆಳಗೆ ಬ್ರೇಕ್, ಥ್ರಾಟಲ್ (ವೇಗ ಏರಿಸುವ ಹಿಡಿ), ಡಿಸ್‌ಪ್ಲೇ ವೈರುಗಳೆಲ್ಲ ಕೂಡಿ ಒಂದಾಗುವ ಎಂಟು ಪಿನ್ನಿನ ದಪ್ಪ ಕನೆಕ್ಟರ್.

ಕೈಹಚ್ಚುವ ಮುನ್ನ ಬೆರಳಿನ ಉಂಗುರ, ಕೈಬಳೆ, ಲೋಹದ ವಾಚು ತೆಗೆದಿಡಿ. 36 ವೋಲ್ಟಿನ ಬ್ಯಾಟರಿ ಪೂರ್ತಿ ಚಾರ್ಜಾದಾಗ ಇರುವ 42 ವೋಲ್ಟ್ ಒಣಗಿದ ಕೈಗೆ ಶಾಕ್ ಹೊಡೆಯುವಷ್ಟಲ್ಲ, ಆದರೆ ಶಾರ್ಟ್ ಆದರೆ ಲಿಥಿಯಂ ಬ್ಯಾಟರಿ ಹತ್ತಾರು ಆಂಪಿಯರ್ ಸುರಿಯುತ್ತದೆ, ಉಂಗುರ ಕ್ಷಣದಲ್ಲಿ ಕಾದು ಬೆರಳು ಸುಡುತ್ತದೆ. ಯಾವುದೇ ಕನೆಕ್ಟರ್ ಬಿಚ್ಚುವ ಮೊದಲು ಬ್ಯಾಟರಿಯನ್ನು ಸೈಕಲ್ಲಿನಿಂದ ಕಳಚಿ, ನಂತರ ಡಿಸ್‌ಪ್ಲೇಯ ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಕಂಟ್ರೋಲರ್ ಒಳಗಿನ ಕೆಪಾಸಿಟರ್‌ಗಳಲ್ಲಿ ಉಳಿದ ಚಾರ್ಜು ಹಾಗೆ ಖಾಲಿಯಾಗುತ್ತದೆ. ಬ್ಯಾಟರಿ ಪೆಟ್ಟಿಗೆಯೊಳಗೇ ನೀರು ಹೋಗಿದ್ದರೆ, ಅಥವಾ ಅದು ಉಬ್ಬಿದ್ದರೆ, ಮುಂದಿನದೇನೂ ಬೇಡ. ಚಾರ್ಜಿಗೆ ಹಾಕದೆ, ಮನೆಯ ಹೊರಗೆ ನೆರಳಿನಲ್ಲಿಟ್ಟು ಬ್ಯಾಟರಿ ರಿಪೇರಿಯವರನ್ನು ಕರೆಯಿರಿ.

ಮೊದಲ ಪರೀಕ್ಷೆಗೆ ಮಲ್ಟಿಮೀಟರ್ ಕೂಡ ಬೇಡ. ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ, ಹಿಂಗಾಲಿ ನೆಲ ಬಿಟ್ಟು ತಿರುಗುವಂತೆ ಎತ್ತಿಡಿ. ಡಿಸ್‌ಪ್ಲೇ ಆನ್ ಮಾಡಿ. ಹ್ಯಾಂಡಲನ್ನು ಎಡತುದಿಯಿಂದ ಬಲತುದಿಗೆ ತೀರಾ ನಿಧಾನವಾಗಿ ತಿರುಗಿಸಿ. ಪ್ರತಿಬಾರಿ ಒಂದೇ ಕೋನದಲ್ಲಿ ಆರಿದರೆ ಕೇಬಲ್ ಒಳಗೆ ತಾಮ್ರದ ಎಳೆ ತುಂಡಾಗಿದೆ. ಆಮೇಲೆ ಹ್ಯಾಂಡಲ್ ನೇರವಿಟ್ಟು, ಒಂದು ಕೈಯಿಂದ ಐದು ಪಿನ್ನಿನ ಕನೆಕ್ಟರನ್ನು ಮಾತ್ರ ಅಲುಗಾಡಿಸಿ. ನಂತರ ಎಂಟು ಪಿನ್ನಿನದನ್ನು. ಕೊನೆಗೆ ಬ್ಯಾಟರಿಯನ್ನು ಅದರ ತೊಟ್ಟಿಲಿನಲ್ಲೇ ಹಿಡಿದು ಅಲ್ಲಾಡಿಸಿ. ಈ ಕೊನೆಯದನ್ನು ಹಲವರು ಮರೆಯುತ್ತಾರೆ. ಗುಂಡಿಗೆ ಇಳಿದಾಗ ಆರುವುದು, ಏರಿನಲ್ಲಿ ಆರುವುದು ಬಹುತೇಕ ಬ್ಯಾಟರಿ ಕಾಲಿನ (ಕರೆಂಟು ಹಾಯುವ ಲೋಹದ ಪಿನ್ನಿನ) ಸಡಿಲ ಹಿಡಿತದಿಂದಲೇ, ಅಥವಾ ಹಳೆಯ ಬ್ಯಾಟರಿ ಭಾರಕ್ಕೆ ಕುಸಿದು ಅದರ ಬಿಎಂಎಸ್ (ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್) ಕರೆಂಟು ಕಡಿತ ಮಾಡುವುದರಿಂದ. ಕಾಲುಗಳ ಹಿತ್ತಾಳೆ ಕಪ್ಪಾಗಿ ಸುಟ್ಟ ಗುರುತಿದ್ದರೆ ನುಣ್ಣನೆಯ ಮರಳು ಕಾಗದದಿಂದ ತಿಕ್ಕಿ, ಎದುರಿನ ಹಿಡಿಕೆಗಳನ್ನು ಚೂರು ಬಿಗಿ ಮಾಡಬೇಕು.

ಹ್ಯಾಂಡಲ್ ಕೋನಕ್ಕೆ ಉತ್ತರ ಸಿಗದಿದ್ದರೆ ಕನೆಕ್ಟರ್ ಬಿಚ್ಚಿ. ದುಂಡಗಿನ ಈ ಕನೆಕ್ಟರ್‌ಗಳನ್ನು ತಿರುಚಬಾರದು, ನೇರವಾಗಿ ಎಳೆಯಬೇಕು. ಎರಡೂ ಬದಿಯಲ್ಲಿ ಚಿಕ್ಕ ಬಾಣದ ಗುರುತಿದೆ, ಸಿಕ್ಕಿಸುವಾಗ ಬಾಣಕ್ಕೆ ಬಾಣ ಎದುರಾಗಬೇಕು. ತಿರುಚಿ ಒತ್ತಿದರೆ ಕೂದಲೆಳೆಯಂಥ ಪಿನ್ನು ಮಡಿಚಿಕೊಳ್ಳುತ್ತದೆ, ಹೊರಗಿನಿಂದ ನೋಡಿದರೆ ಸರಿಯಾಗಿ ಕೂತಂತೆಯೇ ಕಾಣುತ್ತದೆ. ಟಾರ್ಚ್ ಹಾಕಿ ಪಿನ್ನುಗಳನ್ನು ಒಂದೊಂದಾಗಿ ಎಣಿಸಿ. ಹಸಿರು ಬೂಷ್ಟಿನಂಥ ಪದರ ಕಂಡರೆ ಮಲೆನಾಡಿನ ಮಳೆ ತನ್ನ ಕೆಲಸ ಮಾಡಿದೆ ಎಂದೇ ತಿಳಿಯಿರಿ.

ಈ ಹಸಿರು ಯಾಕೆ ಬರುತ್ತದೆ ಎಂದು ಸ್ವಲ್ಪ ಹೇಳಬೇಕು, ಏಕೆಂದರೆ ಕಾರಣ ತಿಳಿಯದೆ ಒರೆಸಿದರೆ ಮುಂದಿನ ತಿಂಗಳು ಮತ್ತೆ ಬರುತ್ತದೆ. ಡಿಸ್‌ಪ್ಲೇ ಆಫ್ ಮಾಡಿದ್ದರೂ ಬ್ಯಾಟರಿ ಸಿಕ್ಕಿಸಿ ಆನ್ ಇರುವವರೆಗೆ ಕೆಂಪು ಪಿನ್ನಿನಲ್ಲಿ ಪೂರ್ತಿ ವೋಲ್ಟೇಜ್ ನಿಂತಿರುತ್ತದೆ. ಪಕ್ಕದ ಕಪ್ಪು ಪಿನ್ನಿಗೆ ಒಂದೆರಡು ಮಿಲಿಮೀಟರ್ ಅಂತರ. ನಡುವೆ ಒಂದು ಹನಿ ನೀರು ಸೇರಿದರೆ ರಾತ್ರಿಯಿಡೀ ಅಲ್ಲಿ ವಿದ್ಯುದ್ವಿಭಜನೆ ನಡೆದು ಪ್ಲಸ್ ಪಿನ್ನಿನ ತಾಮ್ರ ಕರಗುತ್ತದೆ. ಅದಕ್ಕೇ ಒದ್ದೆ ಕನೆಕ್ಟರ್‌ಗಳಲ್ಲಿ ಕೆಂಪು ವೈರಿನ ಪಿನ್ನೇ ಮೊದಲು ತೆಳ್ಳಗಾಗುವುದು. ಮಳೆಗಾಲದಲ್ಲಿ ಸೈಕಲ್ ನಿಲ್ಲಿಸಿದ ಮೇಲೆ ಬ್ಯಾಟರಿ ಕಳಚಿ ಒಳಗಿಡುವುದು ಕಳ್ಳರ ಭಯಕ್ಕಿಂತ ಹೆಚ್ಚಾಗಿ ಇದಕ್ಕೇ ಒಳ್ಳೆಯದು.

ಒರೆಸಲು 99 ಶೇಕಡಾದ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಮೃದುವಾದ ಹಳೆಯ ಟೂತ್‌ಬ್ರಷ್ ಸಾಕು. ಎಲೆಕ್ಟ್ರಾನಿಕ್ ಅಂಗಡಿಯ ಕಾಂಟ್ಯಾಕ್ಟ್ ಕ್ಲೀನರ್ ಆದರೂ ಸರಿ. ಸೀಮೆಎಣ್ಣೆ, ಪೆಟ್ರೋಲ್ ಬೇಡ, ರಬ್ಬರ್ ಸೀಲು ಉಬ್ಬುತ್ತದೆ. ಅರ್ಧ ಗಂಟೆ ಗಾಳಿಗೆ ಒಣಗಿಸಿ, ರಬ್ಬರ್ ಅಂಚಿಗೆ ತೆಳ್ಳಗೆ ಸಿಲಿಕೋನ್ ಗ್ರೀಸ್ ಸವರಿ ಸಿಕ್ಕಿಸಿ. ಬೇರಿಂಗಿಗೆ ಹಾಕುವ ಗ್ರೀಸು ಇಲ್ಲಿಗಲ್ಲ. ಕೇಬಲ್ಲನ್ನು ಕನೆಕ್ಟರ್‌ಗಿಂತ ಕೆಳಕ್ಕೆ ಒಂದು ಜೋಲು ಬರುವಂತೆ ಕಟ್ಟಿದರೆ ಮಳೆನೀರು ಕೇಬಲ್ ಗುಂಟ ಹರಿದುಬಂದು ಜೋಲಿನ ತಳದಲ್ಲಿ ತೊಟ್ಟಿಕ್ಕುತ್ತದೆ, ಕನೆಕ್ಟರ್ ಬಾಯಿಗೆ ಹೋಗುವುದಿಲ್ಲ. ವಾಟರ್ ಸರ್ವೀಸಿನ ಪ್ರೆಶರ್ ಪೈಪಿಗೆ ಮಾತ್ರ ಈ ಯಾವ ಉಪಾಯವೂ ತಡೆಯಾಗದು. ಎಲೆಕ್ಟ್ರಿಕ್ ಸೈಕಲ್ಲನ್ನು ಬಕೆಟ್ಟು, ಬಟ್ಟೆಯಲ್ಲೇ ತೊಳೆಯಬೇಕು.

ಈಗ ಮಲ್ಟಿಮೀಟರ್. 200 ವೋಲ್ಟ್ ಡಿಸಿಗೆ ಇಡಿ. ಮೊದಲು ಕಳಚಿದ ಬ್ಯಾಟರಿಯ ಕಾಲುಗಳಲ್ಲೇ ಅಳೆಯಿರಿ. ನಿಮ್ಮದು 10 ಸೆಲ್ ಸಾಲಿನ ಸಾಮಾನ್ಯ ಲಿಥಿಯಂ ಅಯಾನ್ ಆಗಿದ್ದರೆ ಪೂರ್ತಿ ಚಾರ್ಜಿಗೆ 42, ಸುಮಾರು ಕಾಲುಭಾಗ ಉಳಿದಾಗ 36, ಖಾಲಿಯಾಗುವ ಹೊತ್ತಿಗೆ 31ರ ಆಸುಪಾಸು. ಲಿಥಿಯಂ ಐರನ್ ಫಾಸ್ಫೇಟ್ 12 ಸೆಲ್ ಆಗಿದ್ದರೆ ಪೂರ್ತಿಗೆ 43.8. ಈ ಎರಡನೆಯದರಲ್ಲಿ ಡಿಸ್‌ಪ್ಲೇಯ ಬ್ಯಾಟರಿ ಗೆರೆಗಳು ಬಹಳ ಹೊತ್ತು ತುಂಬಿಯೇ ಇದ್ದು ಕೊನೆಗೆ ದಿಢೀರನೆ ಬೀಳುತ್ತವೆ. ಅದು ಡಿಸ್‌ಪ್ಲೇ ದೋಷವಲ್ಲ, ಆ ಸೆಲ್ಲಿನ ಸ್ವಭಾವ. ಏರಿನಲ್ಲಿ ಗೆರೆ ಇಳಿದು ಸಮತಟ್ಟಿನಲ್ಲಿ ಮತ್ತೆ ಏರುವುದೂ ಹಾಗೆಯೇ.

ಬ್ಯಾಟರಿ ಸರಿಯಿದ್ದರೆ ಡಿಸ್‌ಪ್ಲೇ ಕನೆಕ್ಟರ್ ಬಿಡಿಸಿ, ಬ್ಯಾಟರಿ ಮತ್ತೆ ಹಾಕಿ, ಕಂಟ್ರೋಲರ್ ಕಡೆಯ ತುದಿಯಲ್ಲಿ ಕೆಂಪು ಮತ್ತು ಕಪ್ಪಿನ ನಡುವೆ ಅಳೆಯಿರಿ. ಮೀಟರಿನ ಕಡ್ಡಿ ಈ ಸಣ್ಣ ತೂತಿಗೆ ಹೋಗುವುದಿಲ್ಲ. ಹೊಲಿಗೆ ಸೂಜಿಗೆ ತುದಿ ಮಾತ್ರ ಬಿಟ್ಟು ಟೇಪು ಸುತ್ತಿ ಬಳಸಿ. ಇಲ್ಲಿ ಕೈ ನಡುಗಬಾರದು: ಕೆಂಪಿನ 36 ವೋಲ್ಟ್ ಹಸಿರು ಅಥವಾ ಹಳದಿಗೆ ಒಂದು ಕ್ಷಣ ತಾಗಿದರೂ 5 ವೋಲ್ಟಿನಲ್ಲಿ ಬದುಕುವ ಕಂಟ್ರೋಲರ್‌ನ ಚಿಪ್ಪು ಸುಟ್ಟುಹೋಗುತ್ತದೆ. ಒಂದು ಡಿಸ್‌ಪ್ಲೇ ಉಳಿಸಲು ಹೋಗಿ ಕಂಟ್ರೋಲರ್ ಕಳೆದುಕೊಳ್ಳುವವರು ಹೀಗೇ ಕಳೆದುಕೊಳ್ಳುವುದು. ಕೈ ಮೇಲೆ ನಂಬಿಕೆ ಇಲ್ಲದಿದ್ದರೆ ಈ ಹಂತವನ್ನು ಮೊಬೈಲ್ ರಿಪೇರಿ ಮಾಡುವವರ ಮೇಜಿನಲ್ಲಿ ಮಾಡಿಸಿ.

ಬ್ಯಾಟರಿಯಲ್ಲಿ 40 ಇದ್ದು ಇಲ್ಲೂ 40ರ ಹತ್ತಿರ ಬಂದರೆ ಕರೆಂಟು ಬರುವ ಹಾದಿ ಸದ್ಯಕ್ಕೆ ಸರಿ. ಸೊನ್ನೆ ಬಂದರೆ ಹಿಂದಕ್ಕೆ ಹೋಗಬೇಕು: ಎಂಟು ಪಿನ್ನಿನ ಕನೆಕ್ಟರ್, ಬ್ಯಾಟರಿಯ ಬ್ಲೇಡ್ ಫ್ಯೂಸ್, ಕಂಟ್ರೋಲರಿಗೆ ಹೋಗುವ ದಪ್ಪ ಪ್ಲಗ್. 40ರ ಬದಲು 25, 12 ಹೀಗೆ ಅಡ್ಡಾದಿಡ್ಡಿ ಓಡಾಡಿದರೆ ಎಲ್ಲೋ ತುಂಡಾದ ವೈರು ಅಥವಾ ಸಡಿಲ ಪಿನ್ನು ತಾಗಿ ಬಿಟ್ಟು ಮಾಡುತ್ತಿದೆ. ಮೀಟರ್ ನೋಡುತ್ತಲೇ ಇನ್ನೊಬ್ಬರಿಂದ ಹ್ಯಾಂಡಲ್ ತಿರುಗಿಸಿ, ಅಂಕಿ ಜಿಗಿದ ಜಾಗವೇ ಕಳ್ಳ.

ಮಾತಿನ ವೈರುಗಳಿಗೆ ಬೇರೆ ದಾರಿ. ಬ್ಯಾಟರಿ ಕಳಚಿ, ಮೀಟರನ್ನು ಬೀಪ್ ಸದ್ದಿಗೆ ಇಟ್ಟು, ಎಂಟು ಪಿನ್ನಿನ ತುದಿಯಿಂದ ಐದು ಪಿನ್ನಿನ ತುದಿಯವರೆಗೆ ಒಂದೊಂದೇ ವೈರನ್ನು ಪರೀಕ್ಷಿಸಿ, ಕೇಬಲ್ಲನ್ನು ಬಾಗಿಸುತ್ತಾ. ಸದ್ದು ಕಡಿದರೆ ಅದೇ ವೈರು. ಎರಡು ವೈರುಗಳ ನಡುವೆ ಸದ್ದು ಬಂದರೆ ಒಳಗೆ ಅಂಟಿಕೊಂಡಿವೆ. ಅಂಥ ಕೇಬಲ್ಲಿಗೆ ಬ್ಯಾಟರಿ ಹಾಕಲೇಬೇಡಿ.

ವೈರುಗಳೆಲ್ಲ ಸರಿಯಿದ್ದೂ ಇ10 ಬರುತ್ತಿದ್ದರೆ, ಅಂಗಡಿಗಳಲ್ಲಿ ಹೆಚ್ಚಾಗಿ ಯಾರೂ ನೋಡದ ಒಂದು ಕಾರಣವಿದೆ. ಕಂಟ್ರೋಲರ್ ತನ್ನೊಳಗೆ ಮಾಡುವ 5 ವೋಲ್ಟ್‌ನಿಂದಲೇ ಥ್ರಾಟಲ್, ಪೆಡಲ್ ಸೆನ್ಸರ್, ಮೋಟರಿನ ತಿರುಗುವಿಕೆ ಅರಿಯುವ ಹಾಲ್ ಸೆನ್ಸರ್‌ಗಳು ನಡೆಯುತ್ತವೆ. ಅವುಗಳಲ್ಲಿ ಒಂದಕ್ಕೆ ನೀರು ಹೋಗಿ ಶಾರ್ಟ್ ಆದರೂ ಆ 5 ವೋಲ್ಟ್ ಕುಸಿಯುತ್ತದೆ, ಕಂಟ್ರೋಲರ್ ಮೂಕವಾಗುತ್ತದೆ, ಡಿಸ್‌ಪ್ಲೇ ಪಾಪ ಇ10 ಎಂದು ಕೂಗುತ್ತದೆ. ಬ್ಯಾಟರಿ ಕಳಚಿ ಥ್ರಾಟಲ್ ಕನೆಕ್ಟರ್ (ಸಾಮಾನ್ಯವಾಗಿ ಹಳದಿ, ಮೂರು ಪಿನ್ನು) ಬಿಡಿಸಿ, ಬ್ಯಾಟರಿ ಹಾಕಿ ಆನ್ ಮಾಡಿ ನೋಡಿ. ಹೋಗಲಿಲ್ಲವೇ, ಪೆಡಲ್ ಸೆನ್ಸರ್ ಬಿಡಿಸಿ. ಆಮೇಲೆ ಬ್ರೇಕ್ ಸ್ವಿಚ್‌ಗಳು, ಕೊನೆಗೆ ಮೋಟರ್. ಯಾವುದನ್ನು ಬಿಡಿಸಿದಾಗ ಇ10 ಮಾಯವಾಯಿತೋ (ಬೇರೆ ಕೋಡ್ ಬಂದರೂ ಚಿಂತೆಯಿಲ್ಲ) ಅದೇ ಕೆಟ್ಟದ್ದು. ಆನ್ ಇದ್ದಾಗ ಥ್ರಾಟಲ್ ಕನೆಕ್ಟರ್‌ನ ಕೆಂಪು-ಕಪ್ಪಿನ ನಡುವೆ 4.3ರಿಂದ 5 ವೋಲ್ಟ್ ಸಿಗಬೇಕು. ಥ್ರಾಟಲ್ ಸಿಕ್ಕಿಸಿದ್ದಾಗ ಸಿಗ್ನಲ್ ವೈರಿನಲ್ಲಿ ತಿರುವದೆ 0.8ರ ಸುಮಾರು, ಪೂರ್ತಿ ತಿರುವಿದರೆ 3.5 ದಾಟಬೇಕು.

ವೈರು ತುಂಡಾಗಿರುವುದು ಖಚಿತವಾದರೆ ರಿಪೇರಿ ಕಷ್ಟದ್ದಲ್ಲ. ಕೇಬಲ್ಲನ್ನು ಬಾಗಿದ ಜಾಗದಿಂದ ಎರಡೂ ಕಡೆ ಎರಡು ಇಂಚು ಬಿಟ್ಟು ಕತ್ತರಿಸಿ, ನಡುವಿನ ತುಂಡು ಎಸೆಯಿರಿ. ಅದೇ ಬಣ್ಣದ ತೆಳು ಬಹು-ಎಳೆಯ ವೈರನ್ನು ಬೆಸೆದು ಸೇರಿಸಿ. ಐದು ಬೆಸುಗೆಗಳೂ ಒಂದೇ ಕಡೆ ಬರದಂತೆ ಒಂದೊಂದು ಸೆಂಟಿಮೀಟರ್ ಹಿಂದೆ ಮುಂದೆ ಇರಲಿ, ಇಲ್ಲದಿದ್ದರೆ ಆ ಜಾಗ ಗಂಟು ಕಟ್ಟಿ ಮತ್ತೆ ಮುರಿಯುತ್ತದೆ. ಪ್ರತಿ ಬೆಸುಗೆಗೂ ಹೀಟ್ ಶ್ರಿಂಕ್ ಟ್ಯೂಬು, ಅದರ ಮೇಲೆ ಒಟ್ಟಿಗೆ ಒಂದು ದೊಡ್ಡ ಟ್ಯೂಬು. ಬರೀ ತಿರುಚಿ ಟೇಪು ಸುತ್ತಿದ ಜೋಡಣೆ ಒಂದು ಮಳೆಗಾಲ ದಾಟುವುದಿಲ್ಲ. ಬೆಸೆದ ಭಾಗ ಬಾಗುವ ತಿರುವಿನಲ್ಲಿ ಬರಬಾರದು, ಫ್ರೇಮಿಗೆ ತಾಗಿ ನೇರ ಇರುವ ಕಡೆ ಬರಲಿ. ಕೇಬಲ್ ಟೈಯನ್ನು ಹ್ಯಾಂಡಲ್ ಎರಡೂ ತುದಿಗೆ ತಿರುಗಿದಾಗ ಕೇಬಲ್ ಬಿಗಿಯದಂತೆ ಸಡಿಲವಾಗಿ ಹಾಕಿ. ಬಹುಶಃ ನಿಮ್ಮ ಸೈಕಲ್ಲಿನಲ್ಲಿ ಮೊದಲ ತಪ್ಪು ನಡೆದದ್ದೂ ಅಲ್ಲೇ: ಬಿಗಿಯಾಗಿ ಕಟ್ಟಿದ ಟೈ ಹತ್ತಿರವೇ ವೈರು ಸಾಯುವುದು ಹೆಚ್ಚು.

ಮಂಜಿನ ವಿಷಯ. ಬಿಸಿಲಿಗೆ ಕಾದ ಡಿಸ್‌ಪ್ಲೇ ಮೇಲೆ ತಣ್ಣನೆಯ ಮಳೆ ಬಿದ್ದಾಗ ಒಳಗಿನ ಗಾಳಿ ಕುಗ್ಗಿ, ಬಟನ್ ಅಂಚಿನಿಂದ ತೇವವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಡಿಸ್‌ಪ್ಲೇ ಕಳಚಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಹತ್ತಿಪ್ಪತ್ತು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಎರಡು ದಿನ ಇಡಿ. ಅಕ್ಕಿಯಲ್ಲಿ ಹೂಳುವುದರಿಂದ ಅಕ್ಕಿಯ ಧೂಳು ಬಟನ್ ಸಂದಿಗೆ ಸೇರುತ್ತದೆಯೇ ವಿನಾ ಹೆಚ್ಚಿನ ಲಾಭವಿಲ್ಲ. ಹೇರ್ ಡ್ರೈಯರ್ ಬಿಸಿಗಾಳಿ ಎಲ್‌ಸಿಡಿ ಮೇಲಿನ ಪೋಲರೈಸರ್ ಪದರವನ್ನು ಕೆಡಿಸುತ್ತದೆ. ಒಣಗಿದ ಮೇಲೆ ಅಂಕಿಗಳಲ್ಲಿ ಕೆಲವು ಗೆರೆಗಳು ಮಾತ್ರ ಮಾಯವಾಗಿ, 8 ಎನ್ನುವುದು 6ರಂತೆ ಕಂಡರೆ, ಗಾಜಿಗೂ ಬೋರ್ಡಿಗೂ ನಡುವೆ ಇರುವ ಪಟ್ಟೆ ರಬ್ಬರಿನ ಸಂಪರ್ಕ ಕೊಳೆಯಾಗಿದೆ ಎಂದರ್ಥ. ವಾರಂಟಿ ಮುಗಿದಿದ್ದರೆ ಬಿಚ್ಚಿ, ರಬ್ಬರ್ ಕೂರುವ ಬೋರ್ಡಿನ ಚಿನ್ನದ ಬಣ್ಣದ ಸಾಲನ್ನು ಆಲ್ಕೋಹಾಲಿನಲ್ಲಿ ಒರೆಸಿ, ಸ್ಕ್ರೂಗಳನ್ನು ಸಮವಾಗಿ ಬಿಗಿದರೆ ಗೆರೆಗಳು ಮರಳಿ ಬರುವುದುಂಟು. ಬಿಸಿಲಲ್ಲಿ ನಿಲ್ಲಿಸಿದ್ದಾಗ ಪರದೆಯಿಡೀ ಕಪ್ಪಾಗಿ ನೆರಳಿಗೆ ತಂದಮೇಲೆ ಸರಿಹೋಗುವುದು ದೋಷವೇ ಅಲ್ಲ.

ಇತರ ಕೋಡ್‌ಗಳನ್ನು ಬೇರೆ ಡಿಸ್‌ಪ್ಲೇಗಳ ಕೋಷ್ಟಕದಿಂದ ಓದಬೇಡಿ. ಎಸ್866ರಲ್ಲಿ ಇ06 ಎಂದರೆ ಬ್ಯಾಟರಿ ವೋಲ್ಟೇಜ್ ಕಡಿಮೆ, ಇ07 ಮೋಟರ್, ಇ08 ಥ್ರಾಟಲ್, ಇ09 ಕಂಟ್ರೋಲರ್. ಬಾಫಾಂಗ್ ಕಂಪನಿಯ ಮೋಟರಿರುವ ಸೈಕಲ್‌ಗಳಲ್ಲಿ ಮಾತು ಕಡಿದುದಕ್ಕೆ 30 ಬರುತ್ತದೆ, ಅಲ್ಲಿ 10 ಎಂದರೆ ಮೋಟರ್ ಅತಿಯಾಗಿ ಬಿಸಿಯಾಗಿದೆ ಎಂದು. ಇಂಟರ್ನೆಟ್ಟಿನಲ್ಲಿ ತಪ್ಪು ಕೋಷ್ಟಕ ನೋಡಿ ಸುಮ್ಮನೆ ಮೋಟರ್ ಬಿಚ್ಚಿಸುವವರಿದ್ದಾರೆ.

ಇಷ್ಟೆಲ್ಲ ಆದ ಮೇಲೂ, ಕನೆಕ್ಟರಿನಲ್ಲಿ ಕೆಂಪು-ಕಪ್ಪಿಗೆ 40 ವೋಲ್ಟ್ ಖಚಿತವಾಗಿದ್ದು ಬಟನ್ ಒತ್ತಿದರೂ ಪರದೆ ಏಳದಿದ್ದರೆ, ಅಥವಾ ಎದ್ದರೂ ನೀಲಿಗೆ ವೋಲ್ಟೇಜ್ ದಾಟಿಸದಿದ್ದರೆ ಡಿಸ್‌ಪ್ಲೇ ನಿಜಕ್ಕೂ ಸತ್ತಿದೆ. ಆಗ ಕೊಳ್ಳಿ. ಆದರೆ ಐದು ಪಿನ್ನಿನ ಕನೆಕ್ಟರ್ ಹೊಂದಿದ ಮಾತ್ರಕ್ಕೆ ಡಿಸ್‌ಪ್ಲೇ ಹೊಂದುವುದಿಲ್ಲ. ಕೆಟಿ ಎಂಬ ಬ್ರ್ಯಾಂಡಿನ ಕಂಟ್ರೋಲರ್‌ನ ಡಿಸ್‌ಪ್ಲೇ ಆಡುವ ಭಾಷೆಯೇ ಬೇರೆ, ಬಾಫಾಂಗ್‌ನದು ಇನ್ನೊಂದು, ಪಿನ್ನುಗಳ ಕ್ರಮವೂ ಬದಲಾಗಬಹುದು. ಕ್ರಮ ಬೇರೆಯಿದ್ದರೆ ಸಿಕ್ಕಿಸಿದ ಮೊದಲ ಕ್ಷಣದಲ್ಲೇ ಎರಡೂ ಸುಡಬಹುದು. ಹಳೆಯ ಡಿಸ್‌ಪ್ಲೇ ಬೆನ್ನಿನ ಸ್ಟಿಕ್ಕರ್, ಕಂಟ್ರೋಲರ್ ಮೇಲಿನ ಸ್ಟಿಕ್ಕರ್ ಎರಡರ ಫೋಟೊ ತೆಗೆದು ಮಾರುವವರಿಗೆ ಕಳುಹಿಸಿ, ಎರಡೂ ಹೊಂದುತ್ತವೆ ಎಂದು ಬರಹದಲ್ಲಿ ಪಡೆಯಿರಿ. ಬೇರೆಯವರ ಇದೇ ಮಾದರಿಯ ಸೈಕಲ್ಲಿನ ಡಿಸ್‌ಪ್ಲೇಯನ್ನು ಹತ್ತು ನಿಮಿಷ ಎರವಲು ಪಡೆದು ಹಾಕಿ ನೋಡುವುದು ಎಲ್ಲಕ್ಕಿಂತ ಅಗ್ಗ. ಅದರಲ್ಲೂ ಇ10 ಬಂದರೆ ಕಂಟ್ರೋಲರ್ ಕೆಟ್ಟಿದೆ, ಆಗ ಕಂಟ್ರೋಲರ್ ಮತ್ತು ಡಿಸ್‌ಪ್ಲೇಯನ್ನು ಒಬ್ಬರಿಂದಲೇ ಜೋಡಿಯಾಗಿ ಕೊಳ್ಳುವುದು ಕ್ಷೇಮ.

ಹಳೆಯದು ಇನ್ನೂ ಒಂದಿಷ್ಟು ಹೊತ್ತಿಕೊಳ್ಳುತ್ತಿರುವಾಗಲೇ ಇವತ್ತೇ ಒಂದು ಕೆಲಸ ಮಾಡಿಡಿ. ಡಿಸ್‌ಪ್ಲೇಯ ಪ್ಲಸ್, ಮೈನಸ್ ಬಟನ್ ಎರಡನ್ನೂ ಒಟ್ಟಿಗೆ ಎರಡು ಸೆಕೆಂಡ್ ಒತ್ತಿದರೆ ಸೆಟ್ಟಿಂಗ್ ತೆರೆಯುತ್ತದೆ. ಪಿ01ರಿಂದ ಶುರುಮಾಡಿ ಪ್ರತಿಯೊಂದರ ಫೋಟೊ ತೆಗೆಯಿರಿ, ಏನನ್ನೂ ಬದಲಿಸಬೇಡಿ. ಹೊಸದಕ್ಕೆ ಅವನ್ನೇ ತುಂಬಬೇಕು: ಪಿ03 ಬ್ಯಾಟರಿ ವೋಲ್ಟೇಜ್ (48 ಎಂದಿದ್ದರೆ 36ರ ಬ್ಯಾಟರಿ ಸದಾ ಖಾಲಿ ಎಂದೇ ತೋರುತ್ತದೆ), ಪಿ06 ಗಾಲಿಯ ಇಂಚು, ಪಿ07 ವೇಗ ಅಳೆಯುವ ಅಯಸ್ಕಾಂತಗಳ ಸಂಖ್ಯೆ, ಪಿ13 ಪೆಡಲ್ ಸೆನ್ಸರಿನ ಅಯಸ್ಕಾಂತಗಳು, ಪಿ14 ಕರೆಂಟಿನ ಮಿತಿ. ಪಿ07 ತಪ್ಪಿದರೆ 20ರಲ್ಲಿ ಹೋಗುವಾಗ 60 ಎಂದು ತೋರಿಸಿ, ವೇಗಮಿತಿ ದಾಟಿದೆ ಎಂದು ಮೋಟರ್ ನಿಲ್ಲಿಸಿಬಿಡುತ್ತದೆ, ಹೊಸ ಡಿಸ್‌ಪ್ಲೇಯೂ ಕೆಟ್ಟಿದೆ ಎಂದು ನೀವು ಮತ್ತೆ ಅಂಗಡಿಗೆ ಓಡುತ್ತೀರಿ. ಪಿ14ನ್ನು ಇದ್ದುದಕ್ಕಿಂತ ಏರಿಸಬೇಡಿ, ಕಂಟ್ರೋಲರ್ ಬಿಸಿಯಾಗುತ್ತದೆ. ವೇಗಮಿತಿಯ ಪಿ08ರಲ್ಲಿ 25 ಇರಲಿ: 250 ವಾಟಿನ ಒಳಗಿನ ಸೈಕಲ್ಲಿಗೆ ನೋಂದಣಿ, ಲೈಸೆನ್ಸು ಬೇಡವೆಂಬ ರಿಯಾಯಿತಿಗೆ ಗಂಟೆಗೆ 25 ಕಿಲೋಮೀಟರಿನ ಮಿತಿಯೂ ಒಂದು ಷರತ್ತು.